ಕುದುರೆಯ ಜೊಲ್ಲು, ಕಪ್ಪೆಯ ಸಾಕ್ಷಿ

ಕುದುರೆಯ ಬಾಯಿಂದ ಜೊಲ್ಲು ತೆಗೆಯುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಹಸು, ಎಮ್ಮೆ, ಉಳುವ ಎತ್ತು ಇವುಗಳ ಬಾಯಿಗೆ ಕೈ ಹಾಕಿ ಪಳಗಿದವನು ನಾನು. ನಂಜನಗೂಡಿನ ಜಾನುವಾರು ಆಸ್ಪತ್ರೆಗೆ ಸರ್ಕಾರದ ಡಾಕ್ಟರಾಗಿ ಬಂದು ಎರಡು ವರ್ಷವಾಗಿತ್ತು. ತಿರುಮಕೂಡಲು ನರಸೀಪುರದವರೆಗೂ ನನ್ನದೇ ಸರಹದ್ದು. ಜನ ನನ್ನನ್ನು 'ದನದ ಡಾಕ್ಟ್ರು' ಎನ್ನುತ್ತಿದ್ದರು. ಅದು ಕಿವಿಗೆ ಬಿದ್ದಾಗಲೆಲ್ಲ ಮೈ ಉರಿಯುತ್ತಿತ್ತು. ಕೋಟು ಹಾಕಿಕೊಂಡು ಪೇಟ ಸುತ್ತಿಕೊಂಡು ಹೊರಟವನನ್ನು ಹಾಗೆ ಕರೆಯಬಹುದೇ? ಆಗ ನನಗಿದ್ದ ಜಂಬ ಅಂಥದ್ದು. ಈಗ ನೆನೆಸಿಕೊಂಡರೆ ನನ್ನ ಕಿವಿಯನ್ನು ನಾನೇ ಹಿಂಡಿಕೊಳ್ಳಬೇಕು ಅನ್ನಿಸುತ್ತದೆ.

ನನ್ನ ಜೊತೆ ಓದಿದವನೊಬ್ಬ ದೊಡ್ಡ ಪಟ್ಟಣದಲ್ಲಿ, ಕುದುರೆ ಜೂಜಿನ ಮೈದಾನದ ಪಕ್ಕದಲ್ಲೇ ಕೆಲಸಕ್ಕಿದ್ದ. ಒಂದು ಸಲ ಅವನಿಂದ ಉದ್ದನೆಯ ಕಾಗದ ಬಂತು. ಜೂಜಿನ ಕುದುರೆಗೆ ಕೆಲವರು ಕದ್ದು ಮದ್ದು ತಿನ್ನಿಸುತ್ತಾರಂತೆ. ಓಡಲೆಂದು ಕಾಸರಕವೆಂಬ ವಿಷದ ಮರದ ಬೀಜದ ಸಾರ, ಓಡದಿರಲೆಂದು ಅಫೀಮು. ವಿಲಾಯಿತಿಯ ಕಡೆಯ ಪಂಡಿತರು ಈಗ ಕುದುರೆಯ ಜೊಲ್ಲು ತೆಗೆದು ಅದನ್ನು ಪತ್ತೆ ಹಚ್ಚುತ್ತಿದ್ದಾರಂತೆ. ಕಾಸರಕಕ್ಕೆ ಮಾತ್ರ ಒಂದು ಹಳೆಯ, ಸುಲಭದ ಉಪಾಯವಿದೆ, ನಿನ್ನಂಥವನೂ ಮಾಡಬಹುದು ಎಂದು ಬರೆದಿದ್ದ. ಜೊಲ್ಲನ್ನು ಹುಳಿನೀರಿನಲ್ಲಿ ನೆನೆಸಿ, ಸೋಸಿ, ಕಾಯಿಸಿ ಬತ್ತಿಸಬೇಕು. ಉಳಿದ ಕರೆಯನ್ನು ಒಂದು ಚಮಚ ನೀರಲ್ಲಿ ಕದಡಿ, ಅದರಲ್ಲೊಂದು ಪುಟ್ಟ ಕಪ್ಪೆಯನ್ನು ಕೂರಿಸಬೇಕು. ಕಾಸರಕ ಇದ್ದರೆ ಸ್ವಲ್ಪ ಹೊತ್ತಿಗೆ ಕಪ್ಪೆಯ ಕಾಲು ಮರದ ಕಡ್ಡಿಯಂತೆ ನೆಟ್ಟಗೆ ಸೆಟೆದುಕೊಳ್ಳುತ್ತದೆ. ಮುಟ್ಟಿದರೆ ಸಾಕು, ಮೈಯೆಲ್ಲ ಅದುರುತ್ತದೆ.

ಆಹಾ! ಆ ಕಾಗದವನ್ನು ಎಷ್ಟು ಸಲ ಓದಿದೆನೋ. ಮಾತು ಬಾರದ ಪ್ರಾಣಿಯ ಹೊಟ್ಟೆಯೊಳಗಿನ ಗುಟ್ಟನ್ನು ಮಾತು ಬಾರದ ಇನ್ನೊಂದು ಪ್ರಾಣಿ ಹೇಳುವುದೆಂದರೇನು! ಆ ವಾರವೇ ಕಪಿಲಾ ನದಿಯ ದಡದಲ್ಲಿ ಕಪ್ಪೆ ಹಿಡಿದು ಶುರುಮಾಡಿದೆ. ಕಾಸರಕದ ಬೀಜ ಅರೆದು ನೋಡಿದೆ, ಕಪ್ಪೆ ಸೆಟೆಯಿತು. ಬೆಲ್ಲದ ನೀರಿಗೆ ಏನೂ ಆಗಲಿಲ್ಲ. ಅರಿಶಿನಕ್ಕೆ ಮೈ ಹಳದಿಯಾಯಿತು, ಅಷ್ಟೆ. ರೈಲು ಸ್ಟೇಷನ್ನಿನ ಮುಂದೆ ನಿಲ್ಲುವ ಜಟಕಾ ಕುದುರೆಗಳ ಜೊಲ್ಲು, ಅಗಸರ ಕತ್ತೆಯ ಜೊಲ್ಲು, ಕಡೆಗೆ ಎಲೆಅಡಿಕೆ ಹಾಕಿಕೊಂಡು ನನ್ನದೇ ಉಗುಳು, ಯಾವುದನ್ನೂ ಬಿಡಲಿಲ್ಲ. ಜಟಕಾದವರು "ಡಾಕ್ಟ್ರಿಗೆ ಏನೋ ಮೆಟ್ಕೊಂಡದೆ ಕಣ್ಲಾ" ಎಂದು ನಗುತ್ತಿದ್ದರು. ಅಡಿಗೆಮನೆಯ ಬೋಗುಣಿಯೊಂದನ್ನು ನಾನು ಈ ಕೆಲಸಕ್ಕೆ ಎತ್ತಿಕೊಂಡದ್ದನ್ನು ಕಂಡ ನನ್ನ ಹೆಂಡತಿ, "ಆ ಕಪ್ಪೆ ಬೋಗುಣಿ ಇನ್ನು ನನ್ನ ಅಡಿಗೆಮನೆ ಹೊಸಲು ದಾಟಕೂಡದು" ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಳು.

ಇದಾದ ಕೆಲವು ದಿನಕ್ಕೆ ಹದಿನಾರು ಎಂಬ ಹಳ್ಳಿಯಿಂದ ಒಬ್ಬ ಹೆಂಗಸು ಕಂದು ಬಣ್ಣದ ಹೆಣ್ಣು ಕುದುರೆಯೊಂದನ್ನು ಹಿಡಿದುಕೊಂಡು ಆಸ್ಪತ್ರೆಗೆ ಬಂದಳು. ನಲವತ್ತು ದಾಟಿದ ವಯಸ್ಸು, ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಗಂಡ ಜಟಕಾ ಹೊಡೆಯುತ್ತಿದ್ದವನು, ತೀರಿಕೊಂಡು ವರ್ಷವಾಗಿತ್ತು. ಈಗ ತಮ್ಮನ ಕೈಲಿ ಗಾಡಿ ಹೊಡೆಸುತ್ತ, ಕುದುರೆಯ ಚಾಕರಿಯನ್ನೆಲ್ಲ ತಾನೇ ಮಾಡುತ್ತಿದ್ದಳು. "ಡಾಕ್ಟ್ರಪ್ಪಾ, ನಮ್ ಕೂಸು ಸರ್ಯಾಗಿ ಉಳ್ಳಿ ಮುಟ್ತಿಲ್ಲ ಕಣಪ್ಪ" ಎಂದಳು. ಕೂಸು ಎಂದರೆ ಆ ಕುದುರೆ, ಉಳ್ಳಿ ಎಂದರೆ ಹುರುಳಿ. ನಾನು ಹಲ್ಲು ನೋಡಿ, ಹೊಟ್ಟೆಗೆ ಕಿವಿ ಕೊಟ್ಟು ಕೇಳಿ, ಹಸಿವೆಯ ಪುಡಿ ಕಟ್ಟಿಕೊಟ್ಟೆ. ಹತ್ತು ದಿನಕ್ಕೆ ಇಪ್ಪತ್ತು ಪೊಟ್ಟಣ. ಬೆಳಿಗ್ಗೆ ಒಂದು, ಸಂಜೆ ಒಂದು, ಬೆಲ್ಲದಲ್ಲಿ ಕಲಸಿ ತಿನ್ನಿಸಬೇಕು.

"ಒಂದು ಪೊಟ್ಟಣಾನೂ ದಂಡ ಮಾಡ್ಬಾರ್ದು, ತಿಳೀತಾ? ಎಲ್ಲಾ ಹೊಟ್ಟೆಗೆ ಹೋಗ್ಬೇಕು" ಎಂದು ಗದರಿದೆ. ಹಳ್ಳಿಯವರು ಎರಡು ದಿನ ಔಷಧಿ ಕೊಟ್ಟು ಮಿಕ್ಕದ್ದನ್ನು ಸೂರಿಗೆ ಸಿಕ್ಕಿಸಿಬಿಡುತ್ತಾರೆಂದು ನನಗೆ ಸಿಟ್ಟು. ಆಕೆ ಪೊಟ್ಟಣಗಳನ್ನು ಕಣ್ಣಿಗೊತ್ತಿಕೊಂಡು ಹೋದಳು.

ಅದೇ ಹೊತ್ತಿಗೆ ಟಪಾಲು ಗಾಡಿಯ ಮಾತು ಎದ್ದಿತ್ತು. ನಂಜನಗೂಡಿಗೆ ರೈಲಿನಲ್ಲಿ ಬರುವ ಟಪಾಲಿನ ಚೀಲಗಳನ್ನು ನರಸೀಪುರಕ್ಕೆ ಮುಟ್ಟಿಸುವ ಗಾಡಿ ಅದು. ದಿನವೂ ತಪ್ಪದ ಕೆಲಸ. ಅದು ಸಿಕ್ಕವರ ಮನೆಯಲ್ಲಿ ಒಲೆ ಆರುವುದಿಲ್ಲ. ಕೇಳಿಕೊಂಡವರು ಇಬ್ಬರು. ಒಬ್ಬಳು ಈಕೆ. ಇನ್ನೊಬ್ಬ ನರಸೀಪುರದ ಮಂಡಿ ಸಾಹುಕಾರ; ಮೈಸೂರಿನಿಂದ ಹೊಸದಾಗಿ ಒಂದು ಗಂಡು ಕುದುರೆ ತಂದಿದ್ದ. ಆಕೆಗೆ ಇದು ತಪ್ಪಿದರೆ ಕುದುರೆ ಮಾರುವುದೊಂದೇ ದಾರಿ ಎಂದು ಜಟಕಾದವರೆಲ್ಲ ಮಾತಾಡಿಕೊಳ್ಳುತ್ತಿದ್ದರು. ಆಗ ನರಸೀಪುರದಲ್ಲಿದ್ದ ಅಮಲ್ದಾರರಿಗೆ ಮೈಸೂರಿನ ಕುದುರೆ ಜೂಜಿನ ಹುಚ್ಚು. "ಯಾರ ಕುದುರೆ ಚುರುಕೋ ಅವರಿಗೆ ಗಾಡಿ. ಓಡಿಸಿಯೇ ನೋಡೋಣ" ಎಂದುಬಿಟ್ಟರು. ಪಂದ್ಯ ಗೊತ್ತಾದದ್ದು ಮಂಗಳವಾರ. ಮಂಗಳವಾರವೇ ಎಂದು ಊರವರು ಮೂಗು ಮುರಿದರು. ಅಮಲ್ದಾರರು ಕಿವಿಗೆ ಹಾಕಿಕೊಳ್ಳಲಿಲ್ಲ.

ನರಸೀಪುರದಿಂದ ಸೋಸಲೆಗೆ ಹೋಗುವ ದಾರಿಯ ಪಕ್ಕದ ಬಯಲಿನಲ್ಲಿ ಮೂರು ಸುತ್ತು. ಕುದುರೆಗಳಿಗೆ ಪೆಟ್ಟಾದರೆ ನೋಡಲೆಂದು ನನಗೂ ಬುಲಾವು ಬಂದಿತ್ತು. ಮೊದಲ ಸುತ್ತಿನಲ್ಲಿ ಸಾಹುಕಾರನ ಕುದುರೆ ಮುಂದಿತ್ತು. ಎರಡನೆಯದರಲ್ಲಿ ಸರಿಸಮ. ಮೂರನೆಯ ಸುತ್ತಿನಲ್ಲಿ ಹೆಣ್ಣು ಕುದುರೆ ಕಿವಿ ಹಿಂದಕ್ಕೆ ಒತ್ತಿಕೊಂಡು ನುಗ್ಗಿತು ನೋಡಿ! ಮೇಲೆ ಕೂತ ತಮ್ಮ ಬರೀ ಜೀವ ಹಿಡಿದುಕೊಂಡಿದ್ದ. ಎರಡು ಕುದುರೆಯುದ್ದ ಮುಂದಾಗಿ ಗೆದ್ದಿತು. ಹದಿನಾರಿನವರ ಕೇಕೆ ನದಿಯಾಚೆಗೂ ಕೇಳಿಸಿರಬೇಕು.

"ಮದ್ದು ಆಕವ್ಳೆ!" ಎಂದು ಸಾಹುಕಾರ ಕೂಗಿದ. "ಮೊನ್ನೆವರ್ಗೂ ಉಳ್ಳಿ ಮುಟ್ದೆ ನಿಂತಿದ್ ಕುದ್ರೆ ಇದು. ಇವತ್ತು ಇಂಗೆ ಆರ್ತದಾ? ಮದ್ದು ಆಕವ್ಳೆ ಬುದ್ದಿ!"

ಅಮಲ್ದಾರರು ನನ್ನ ಕಡೆ ತಿರುಗಿದರು. "ಏನ್ರೀ ಡಾಕ್ಟ್ರೇ, ಇದನ್ನ ಕಂಡುಹಿಡಿಯೋದು ಸಾಧ್ಯವೇ?"

ಯೋಚನೆಗೆ ಮೊದಲೇ ನಾಲಗೆ ಓಡಿತು. "ಸಾಧ್ಯ ಸ್ವಾಮಿ. ಮಧ್ಯಾಹ್ನದೊಳಗೆ ಹೇಳ್ತೀನಿ." ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಸುಳ್ಳು ಏಕೆ ಹೇಳಲಿ, ಎದೆ ಉಬ್ಬಿಹೋಯಿತು. ದನದ ಡಾಕ್ಟ್ರಂತೆ! ಈಗ ನೋಡಿರಯ್ಯಾ ಅನ್ನಿಸಿತು.

ಎರಡೂ ಕುದುರೆಗಳ ಬಾಯಿಯ ನೊರೆಯನ್ನು ಬೇರೆ ಬೇರೆ ಬಟ್ಟೆಯಿಂದ ಒರೆಸಿ, ಬೇರೆ ಬೇರೆ ಬಟ್ಟಲಿಗೆ ಹಿಂಡಿದೆ. ಹೆಣ್ಣು ಕುದುರೆಯ ದವಡೆಯ ಸಂದಿಯಲ್ಲಿ ಬೆರಳಾಡಿಸುವಾಗ ಆಕೆ ಹತ್ತಿರ ಬಂದು, ಮೆಲ್ಲಗೆ, "ಡಾಕ್ಟ್ರಪ್ಪಾ, ವೊತ್ತಾರೆ ನಾನು..." ಎಂದು ಬಾಯಿ ತೆಗೆದಳು.

"ಸುಮ್ನಿರಮ್ಮಾ. ಪರೀಕ್ಷೆ ನಡೀವಾಗ ಯಾರೂ ಮಾತಾಡಕೂಡದು. ನೀನು ಹೇಳೋದು ಬೇಡ, ಇದೇ ಹೇಳ್ತದೆ."

ಮುಸಾಫರಿ ಬಂಗಲೆಯ ಜಗುಲಿಯಲ್ಲಿ ಒಲೆ ಹೂಡಿಸಿದೆ. ಜನ ಕಾಂಪೌಂಡಿನ ತುಂಬ. ನದಿಯಂಚಿಗೆ ಹೋದವರು ನಾನು ಕೇಳಿದ್ದು ಎರಡು ಕಪ್ಪೆಯಾದರೆ ತಂದದ್ದು ಒಂದು ಕುಕ್ಕೆ. "ನಂಜುಂಡನ ಊರಿಂದ ಬಂದವ್ರೆ, ನಂಜು ಉಡುಕಕ್ಕೆ ಕಪ್ಪೆ ಬೇಕಂತೆ ಇವ್ರಿಗೆ" ಎಂದು ಒಬ್ಬ ಮುದುಕ ಅಂದ. ನಕ್ಕರು. ನಾನು ನಗಲಿಲ್ಲ. ಬಟ್ಟಲುಗಳು ಅದಲುಬದಲಾಗದಂತೆ ನೋಡಿಕೊಳ್ಳುವುದರಲ್ಲೇ ಇದ್ದೆ. ನಿಜದ ಪಂದ್ಯದ ಕುದುರೆಯ ಜೊಲ್ಲು ಅದೇ ಮೊದಲು. ಕಾಯುವಾಗ ಯಾವ ಕುದುರೆ, ಯಾರ ಕುದುರೆ ಎಂಬುದೇ ಮರೆತುಹೋಗಿತ್ತು. ಏನಾಗುತ್ತದೋ ನೋಡೋಣ ಎಂಬ ಒಂದೇ ಆಸೆ.

ಸಾಹುಕಾರನ ಕುದುರೆಯ ಬಟ್ಟಲಿನಲ್ಲಿದ್ದ ಕಪ್ಪೆ ಕಣ್ಣು ಪಿಳಿಪಿಳಿ ಬಿಡುತ್ತ ಕೂತೇ ಇತ್ತು. ಇನ್ನೊಂದು ಮೊದಲು ಒಂದು ಸಲ ನೆಗೆಯಿತು. ಆಮೇಲೆ ಅದರ ಹಿಂಗಾಲು ನಿಧಾನವಾಗಿ ಚಾಚಿಕೊಂಡಿತು. ಕಡ್ಡಿಯಿಂದ ಮುಟ್ಟಿದೆ. ಮೈ ಪೂರ್ತಿ ಝುಮ್ಮೆಂದು ಅದುರಿ ಸೆಟೆದು ನಿಂತಿತು.

"ಕಾಸರಕ ಸ್ವಾಮಿ!" ಎಂದು ಕೂಗಿದೆ. ಕೂಗಿದೆ ಎನ್ನುವುದೇ ಸರಿ. ಹಬ್ಬದ ದಿನ ಮಕ್ಕಳು ಕೂಗುವ ಹಾಗೆ.

ಅಮಲ್ದಾರರು ಆಕೆಯನ್ನು ಕರೆದು, "ಏನಮ್ಮಾ ಕೊಟ್ಟೆ ಕುದುರೆಗೆ?" ಎಂದು ಕೇಳಿದರು. ಆಕೆ ನನ್ನ ಮುಖವನ್ನೇ ನೋಡಿ, "ಡಾಕ್ಟ್ರನ್ನೇ ಕೇಳಿ ಬುದ್ದಿ" ಎಂದಳು.

"ನನ್ನನ್ನೇನು ಕೇಳೋದು? ಆಗಲೇ ಹೇಳಿದೆನಲ್ಲ, ಕಾಸರಕದ ಸಾರ ಅಂತ" ಎಂದೆ. ಉದ್ಧಟತನದ ಹೆಂಗಸು ಎಂದುಕೊಂಡೆ. ಆಮೇಲೆ ಆಕೆ ಬಾಯಿ ಬಿಡಲೇ ಇಲ್ಲ. ಟಪಾಲು ಗಾಡಿ ಮುಂದಿನ ಸೋಮವಾರದಿಂದ ಸಾಹುಕಾರನಿಗೆ ಎಂದು ತೀರ್ಮಾನವಾಯಿತು. ಕುದುರೆಯ ಹಗ್ಗ ಹಿಡಿದು ಜನರ ನಡುವೆ ಹೋಗುವಾಗ ಮಾತ್ರ ಆಕೆ ಎಲ್ಲರಿಗೂ ಕೇಳುವಂತೆ, "ಕೋತಿ ತಾನು ಮೊಸ್ರು ತಿಂದು ಮೇಕೆ ಬಾಯ್ಗೆ ಒರೆಸ್ತಂತೆ" ಎಂದಳು. ಸಾಹುಕಾರನಿಗೆ ಅಂದದ್ದು ಎಂದುಕೊಂಡು ನಾನು ಪೇಟ ಸರಿಮಾಡಿಕೊಂಡೆ.

ನಂಜನಗೂಡಿಗೆ ಬಂದ ಮೇಲೆ ಇದನ್ನೆಲ್ಲ ಬರೆದು ಮೈಸೂರಿನ ನಮ್ಮ ಮೇಲಿನ ಕಚೇರಿಗೆ ಕಳಿಸಬೇಕೆಂದು ಕೂತೆ. ಬರೆಯುತ್ತ ಬರೆಯುತ್ತ ಒಂದು ಪ್ರಶ್ನೆ ಕೊರೆಯತೊಡಗಿತು. ಓದುಬರಹ ಬಾರದ ಹೆಂಗಸಿಗೆ ಕಾಸರಕ ಕೊಟ್ಟರೆ ಕುದುರೆ ಓಡುತ್ತದೆಂದು ಹೇಳಿಕೊಟ್ಟವರು ಯಾರು? ಎಷ್ಟು ಕೊಟ್ಟರೆ ಓಡುತ್ತದೆ, ಎಷ್ಟು ಕೊಟ್ಟರೆ ಸಾಯುತ್ತದೆ ಎಂಬ ಅಳತೆ ಆಕೆಗೆ ಹೇಗೆ ಗೊತ್ತು? ಸ್ವಲ್ಪ ಹೆಚ್ಚಾಗಿದ್ದರೂ ಕುದುರೆಯೇ ಸೆಟೆದು ಬೀಳಬೇಕಿತ್ತು. ಕೇಳಿ ತಿಳಿಯದೆ ವರದಿ ಮುಗಿಸಲಾಗಲಿಲ್ಲ. ಶನಿವಾರ ಗಾಡಿ ಕಟ್ಟಿಸಿಕೊಂಡು ಹದಿನಾರಿಗೆ ಹೋದೆ.

ಕುದುರೆ ಮನೆಯ ಮುಂದೆಯೇ ಕಟ್ಟಿತ್ತು. ಆಕೆ ಅದರ ಮೈ ತಿಕ್ಕುತ್ತಿದ್ದಳು. ನನ್ನನ್ನು ಕಂಡು ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಒಳಗೆ ಹೋಗಿ ಮಜ್ಜಿಗೆ ತಂದು ಮುಂದಿಟ್ಟಳು. ಮನೆಗೆ ಬಂದವರಿಗೆ ಕೊಡುವುದು ಕೊಡಲೇಬೇಕಲ್ಲ. ನಾನು ಗಂಟಲು ಸರಿಮಾಡಿಕೊಂಡು, "ನೋಡಮ್ಮಾ, ಆದದ್ದು ಆಯ್ತು. ನನಗೆ ತಿಳ್ಕೊಳ್ಳೋ ಆಸೆ, ಅಷ್ಟೆ. ಕಾಸರಕ ಎಲ್ಲಿಂದ ತಂದೆ?" ಎಂದೆ.

ಆಕೆ ಎದ್ದು ಹೋಗಿ ಗೋಡೆಯ ಗೂಡಿನಿಂದ ಏನೋ ತಂದಳು. ವಿಭೂತಿಗಟ್ಟಿ ಇಡುವ ಗೂಡು ಅದು. ಬಿಳಿ ಬಟ್ಟೆ ಬಿಚ್ಚಿದರೆ ಅದರಲ್ಲಿ ಮೂರು ಕಾಗದದ ಪೊಟ್ಟಣ. ಮೇಲೆ ನನ್ನದೇ ಅಕ್ಷರ: 'ಬೆಳಿಗ್ಗೆ, ಸಂಜೆ'.

"ಇದೇ ನೋಡಿ ಕಾಸರ್ಕ" ಎಂದಳು. "ಸ್ವಾಮಾರ ನಮ್ಮನೇಲಿ ಉಪಾಸ. ನಾವು ಉಣ್ಣಲ್ಲ, ಔಸ್ದಿನೂ ಮುಟ್ಟಲ್ಲ. ಕೂಸ್ಗೂ ಅಂಗೇಯ, ಬರೀ ಉಲ್ಲು. ಒಂದ್ ಪೊಟ್ಣಾನೂ ದಂಡ ಮಾಡ್ಬೇಡ, ಎಲ್ಲಾ ಒಟ್ಟೆಗೋಗ್ಬೇಕು ಅಂದಿದ್ರಲ್ಲ ನೀವು? ಅದ್ಕೆ ಸ್ವಾಮಾರದ್ದು ಎರ್ಡು, ಮಂಗ್ಳಾರದ್ದು ಒಂದು, ಮೂರೂ ಸೇರ್ಸಿ ಮಂಗ್ಳಾರ ವೊತ್ತಾರೆ ಬೆಲ್ದಲ್ಲಿ ಕೊಟ್ಟೆ. ಸ್ವಾಮಾರದ್ದ ಸಂಜೆಗೆ ಬುಟ್ಟು ಪಂದ್ಯ ಗಲಾಟೆಲಿ ಮರ್ತೋದ್ರೆ ನಿಮ್ ಕೈಲಿ ಬೈಸ್ಕೋಬೇಕಾಯ್ತದೆ ಅಂತ ಬೆದ್ರಿಕೆ ಬೇರೆ. ಆಮೇಕೆ ನೀವು ಇಂಗಂದ್ಮೇಲೆ ಮಿಕ್ಕಿದ್ದ ಮುಟ್ಲಿಲ್ಲ."

ಮಜ್ಜಿಗೆಯ ಲೋಟ ಕೆಳಗಿಟ್ಟೆ. ಹಸಿವೆಯ ಪುಡಿಯಲ್ಲಿ ಏನೇನಿದೆ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಪರೀಕ್ಷೆಗೆ ಓದಿ ಬರೆದಿದ್ದೆ. ಕಹಿ ಹಸಿವೆ ಹೆಚ್ಚಿಸುತ್ತದೆಂದು ಅದರಲ್ಲಿ ಕಾಸರಕದ ಬೀಜದ ಪುಡಿ ಬೆರೆಸಿರುತ್ತದೆ. ಆದರೆ ಅದು ಡಬ್ಬಿಯಲ್ಲಿ ಬಂದದ್ದು, ನಾನು ಕೊಟ್ಟದ್ದು, ಆದ್ದರಿಂದ ಔಷಧಿ. ಕಾಗದದಲ್ಲಿ ಓದಿದ್ದು ಕಳ್ಳರು ಕೊಡುವ ಮದ್ದು. ಎರಡೂ ಒಂದೇ ಎಂದು ಒಂದು ಸಲವೂ ನನಗೆ ಹೊಳೆದಿರಲಿಲ್ಲ. ಥೂ ನನ್ನ ವಿದ್ಯೆಗಿಷ್ಟು!

"ಯಾಕಮ್ಮಾ ಅವತ್ತೇ ಹೇಳಲಿಲ್ಲ?"

"ಯೋಳಕ್ಕೆ ಬುಟ್ರಾ? ಸುಮ್ನಿರಮ್ಮಾ ಅಂದ್ರಿ. ಡಾಕ್ಟ್ರನ್ನೇ ಕೇಳಿ ಅಂದೆ. ಕಾಸರ್ಕ ಅಂತ ಅಷ್ಟೇ ಅಂದ್ರಿ, ಯಾರ್ ಕೊಟ್ರು ಅನ್ಲಿಲ್ಲ. ನಾನು ಬಾಯ್ ಬಡ್ಕೊಂಡಿದ್ರೆ ಯಾರ್ ನಂಬ್ತಿದ್ರು? ನೀವು ಕಪ್ಪೆ ಮಾತ ಕೇಳೋರು. ಮನ್ಸರ ಮಾತ ಕೇಳೋರಲ್ಲ."

ಕುದುರೆ ತಲೆ ತಿರುಗಿಸಿ ನನ್ನ ಕೋಟಿನ ತೋಳನ್ನು ಮೂಸಿತು. ಆ ಮೂರು ಪೊಟ್ಟಣಗಳನ್ನು ಇಸಿದುಕೊಂಡು ಎದ್ದೆ. ಆಕೆ ತಡೆಯಲಿಲ್ಲ.

ದಾರಿಯಲ್ಲಿ ಬಂದ ಯೋಚನೆಯನ್ನು ಮುಚ್ಚಿಡುವುದಿಲ್ಲ. ಸಾಕ್ಷಿ ನನ್ನ ಜೇಬಿನಲ್ಲಿದೆ. ಕಪಿಲೆಗೆ ಎಸೆದರೆ ಮುಗಿಯಿತು. ಆಕೆಯ ಮಾತಿಗೆ ಬೆಲೆಯಿಲ್ಲ, ನನ್ನ ಕಪ್ಪೆಗಿದೆ. ಸೇತುವೆಯ ಮೇಲೆ ಗಾಡಿ ನಿಲ್ಲಿಸಿಯೂ ಇದ್ದೆ. ಆದರೂ ಕೆಟ್ಟ ಕುತೂಹಲ ನೋಡಿ, ಎಸೆಯುವ ಮೊದಲು ಒಂದು ಸಲ ಪರೀಕ್ಷೆ ಮಾಡಿಬಿಡೋಣ ಅನ್ನಿಸಿತು. ಮನೆಗೆ ಬಂದು ಒಂದು ಪೊಟ್ಟಣವನ್ನು ಕದಡಿ ಕಪ್ಪೆ ಕೂರಿಸಿದೆ. ನರಸೀಪುರದ ಕಪ್ಪೆಗಿಂತ ಬೇಗನೆ ಸೆಟೆಯಿತು. ನಾನು ಮಂಕಾಗಿ ಕೂತದ್ದನ್ನು ನೋಡಿ ಹೆಂಡತಿ ಏನೆಂದು ಕೇಳಿದಳು. ಎಲ್ಲ ಹೇಳಿದೆ. ಕೇಳಿ ಮುಗಿಸಿ, "ಆ ಬೋಗುಣಿ ಹೊಸಲು ದಾಟಬಾರದು ಅಂದಿದ್ದೆ. ಅಮಲ್ದಾರ್ರಿಗೆ ಹೇಳಿ ಬರೋವರೆಗೂ ನೀವೂ ದಾಟಬೇಡಿ" ಎಂದು ಊಟ ತಂದು ಜಗುಲಿಗೇ ಬಡಿಸಿದಳು.

ಭಾನುವಾರ ನರಸೀಪುರಕ್ಕೆ ಹೋಗಿ ಅಮಲ್ದಾರರ ಮನೆಯ ಮುಂದೆ ನಿಂತೆ. ಎರಡು ಪೊಟ್ಟಣವನ್ನು ಮೇಜಿನ ಮೇಲಿಟ್ಟು, "ಕುದುರೆಗೆ ಮದ್ದು ಹಾಕಿದವನು ನಾನು ಸ್ವಾಮಿ" ಎಂದೆ. ಅವರು ಮೊದಲು ನಂಬಲಿಲ್ಲ. ನಂಬಿದ ಮೇಲೆ ಬೈದ ಬೈಗುಳವನ್ನು ಇಲ್ಲಿ ಬರೆಯಲಾರೆ. ಕಡೆಗೆ, "ಗೆದ್ದದ್ದು ಕುದುರೆಯೋ ನಿನ್ನ ಪುಡಿಯೋ ಯಾರಿಗೆ ಗೊತ್ತು? ಗಾಡಿ ಈಗ ಯಾರಿಗೂ ಬೇಡ. ಇನ್ನೊಂದು ಸಲ ಓಡಿಸೋಣ" ಎಂದರು. ಮೈಸೂರಿನಿಂದ ನನಗೊಂದು ಖಾರವಾದ ಮೆಮೊ ಬಂತು. ಅದನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ.

ಎರಡು ಕುದುರೆಗಳನ್ನೂ ಹದಿನೈದು ದಿನ ಮುಸಾಫರಿ ಬಂಗಲೆಯ ಲಾಯದಲ್ಲಿ ಕಾವಲಿನಲ್ಲಿಟ್ಟರು. ಹುಲ್ಲು, ಹುರುಳಿ, ನೀರು ಬಿಟ್ಟು ಬೇರೇನೂ ಇಲ್ಲ. ಪಂದ್ಯದ ಮೊದಲೂ ಆಮೇಲೂ ಜೊಲ್ಲು ತೆಗೆದೆ. ನಾಲ್ಕು ಬಟ್ಟಲು, ನಾಲ್ಕು ಕಪ್ಪೆ. ಈ ಸಲ ಕಪ್ಪೆ ತಂದವಳು ಆಕೆಯೇ, ಮಡಕೆಯಲ್ಲಿ. ನಾಲ್ಕೂ ಕುಪ್ಪಳಿಸಿ ಬಟ್ಟಲಿನಿಂದಾಚೆ ಬಿದ್ದು ಜನರ ಕಾಲಡಿ ನುಸುಳಿಹೋದವು.

ಹೆಣ್ಣು ಕುದುರೆ ಗೆದ್ದಿತು. ಆದರೆ ಎರಡು ಕುದುರೆಯುದ್ದವಲ್ಲ, ಒಂದು ಕತ್ತಿನಷ್ಟು. ಹಾಗಾದರೆ ಅವತ್ತಿನ ಓಟದಲ್ಲಿ ಪುಡಿಯದೆಷ್ಟು, ಕುದುರೆಯದೆಷ್ಟು? ಅಥವಾ ಅವತ್ತು ಸಾಹುಕಾರನ ಕುದುರೆಯೇ ಸೋತು ಸುಣ್ಣವಾಗಿತ್ತೇ? ಎಷ್ಟು ವರ್ಷ ಯೋಚಿಸಿದರೂ ಈ ಲೆಕ್ಕ ನನಗೆ ಹರಿದಿಲ್ಲ. ಯಾವ ಕಪ್ಪೆಯೂ ಇದನ್ನು ಹೇಳಲಾರದು. ಆಕೆಗೆ ಅದರ ಗೊಡವೆಯೇ ಇರಲಿಲ್ಲ. ಕುದುರೆಯ ಕತ್ತು ತಬ್ಬಿಕೊಂಡು ಗೊಳೋ ಎಂದು ಅತ್ತಳು. ಮರುದಿನದಿಂದ ಟಪಾಲು ಗಾಡಿ ಆಕೆಯದಾಯಿತು.

ಆಮೇಲೆ ತಿಂಗಳುಗಟ್ಟಲೆ ಗಾಡಿ ಆಸ್ಪತ್ರೆಯ ಮುಂದೆಯೇ ಹೋಗುತ್ತಿತ್ತು. ಆಕೆಯ ತಮ್ಮ ಕೈಯೆತ್ತಿ ಮುಗಿಯುತ್ತಿದ್ದ. ಗಾಡಿಯಲ್ಲಿದ್ದರೆ ಆಕೆ ಮುಖ ಆ ಕಡೆ ತಿರುಗಿಸುತ್ತಿದ್ದಳು. ಇನ್ನು ಈ ಜನ್ಮದಲ್ಲಿ ಆ ಕುದುರೆ ನನ್ನ ಬಾಗಿಲಿಗೆ ಬರುವುದಿಲ್ಲ ಎಂದುಕೊಂಡಿದ್ದೆ. ಒಂದು ಬೆಳಿಗ್ಗೆ, ಆಸ್ಪತ್ರೆಯ ತುಂಬ ಜನ ಇರುವಾಗ, ಹಗ್ಗ ಹಿಡಿದುಕೊಂಡು ಬಂದು ನಿಂತಳು. ಕುದುರೆ ಮತ್ತೆ ಹುರುಳಿ ಮುಟ್ಟುತ್ತಿರಲಿಲ್ಲ.

ನಾನು ಡಬ್ಬಿಯ ಕಡೆ ತಿರುಗಲಿಲ್ಲ. ಶುಂಠಿ, ಓಮ, ಕರಿಯುಪ್ಪು ಆಕೆಯ ಎದುರಿಗೇ ಕುಟ್ಟಿ ಬೆರೆಸಿ, ಒಂದೊಂದರ ಹೆಸರನ್ನೂ ಹೇಳುತ್ತ ಪೊಟ್ಟಣ ಕಟ್ಟಿದೆ.

"ಅದಿಲ್ವಾ ಇದ್ರಲ್ಲಿ?" ಎಂದಳು.

"ಇಲ್ಲಮ್ಮ."

ಆಕೆ ಒಂದು ಪೊಟ್ಟಣ ಬಿಚ್ಚಿದಳು. ಮೂರು ಬೆರಳಲ್ಲಿ ಒಂದು ಚಿಟಿಕೆ ಎತ್ತಿ ನನ್ನ ಮುಖದ ಹತ್ತಿರ ತಂದು, "ಬಾಯ್ ಬುಡಿ" ಎಂದಳು.

ಅಷ್ಟು ಜನರ ಎದುರಿಗೆ, ಕೋಟು ಪೇಟ ಹಾಕಿಕೊಂಡವನು ಬಾಯಿ ತೆಗೆದೆ. ಪುಡಿ ಹಾಕಿದಳು. ನುಂಗಿದೆ. ಯಾರೂ ನಗಲಿಲ್ಲ. ನರಸೀಪುರದ ಜಗುಲಿಯಲ್ಲಿ ನಾನು ಕಪ್ಪೆಯ ಕಾಲನ್ನು ನೋಡುತ್ತ ಕೂತಿದ್ದ ಹಾಗೆಯೇ ಆಕೆ ನನ್ನ ಕಾಲನ್ನು ನೋಡುತ್ತ ನಿಂತಳು, ಸಾಕಷ್ಟು ಹೊತ್ತು. ಆಮೇಲೆ ಪೊಟ್ಟಣಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, "ಟಪಾಲ್ಗೆ ವೊತ್ತಾಯ್ತದೆ, ಬತ್ತೀನಿ ಡಾಕ್ಟ್ರಪ್ಪಾ" ಎಂದು ಕುದುರೆಯನ್ನು ಕರೆದುಕೊಂಡು ಸ್ಟೇಷನ್ನಿನ ಕಡೆ ಹೋದಳು.